ಬೈ-ಟು ಕಾಫಿ, ಒಂಬತ್ತು ಇನಿಂಗ್ಸ್

ನನ್ನ ಹಳೇ ಗೆಳೆಯನಿಗೆ ಈಗ ತಂಡವೂ ಇಲ್ಲ, ಬಿಯರೂ ಇಲ್ಲ. 2023ರ ಜುಲೈನಲ್ಲಿ ಬಿಯರ್ ಹೋಯಿತು. ಮರುವರ್ಷ ಸೆಪ್ಟೆಂಬರ್‌ನಲ್ಲಿ ತಂಡ ಹೋಯಿತು. "ಇನ್ನು ಉಳಿದಿರುವುದು ನೀನೊಬ್ಬ. ನಿನ್ನ ಮೇಲೂ ಅಂಥಾ ಭರವಸೆ ಏನಿಲ್ಲ" ಎಂದ. ನಗಬೇಕೋ ಬೇಡವೋ ತಿಳಿಯದೆ ನಾನು ಫಿಲ್ಟರ್‌ನಲ್ಲಿ ಡಿಕಾಕ್ಷನ್ ಇಳಿಯುವುದನ್ನೇ ನೋಡುತ್ತಾ ನಿಂತೆ.

ತಂಡ ಅಂದರೆ ಕ್ಯಾಲಿಫೋರ್ನಿಯಾದ ಬೇಸ್‌ಬಾಲ್ ತಂಡ ಓಕ್‌ಲ್ಯಾಂಡ್ ಅಥ್ಲೆಟಿಕ್ಸ್. ಊರವರ ಬಾಯಲ್ಲಿ ಸುಮ್ನೆ 'ಏಸ್'. ಬಿಯರ್ ಅಂದರೆ ಆಂಕರ್ ಸ್ಟೀಮ್, ಸ್ಯಾನ್ ಫ್ರಾನ್ಸಿಸ್ಕೋದ್ದು. ಇಲ್ಲೇ ಒಂದು ತಮಾಷೆ ಇದೆ. ಓಕ್‌ಲ್ಯಾಂಡಿನ ಕಟ್ಟಾ ಅಭಿಮಾನಿಗೆ ಕೊಲ್ಲಿಯ ಆಚೆ ದಡದ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ಅಂದರೆ ಮೈ ಉರಿಯುತ್ತದೆ. ಆ ಊರಿನ ತಂಡ ಬೇಡ, ಟೋಪಿ ಬೇಡ, ಮಂಜಂತೂ ಬೇಡವೇ ಬೇಡ. ಬೇ ಬ್ರಿಜ್ ದಾಟಿ ಬರುವ ಬಿಯರ್ ಮಾತ್ರ ಆಗಬಹುದು. ಇದು ಯಾವ ನ್ಯಾಯ ಎಂದು ಕೇಳಿದರೆ, "ಬಿಯರ್‌ಗೆ ಜೆರ್ಸಿ ತೊಡಿಸಿಲ್ಲವಲ್ಲ" ಅನ್ನುತ್ತಾನೆ.

ನಮ್ಮ ಪರಿಚಯ ತೊಂಬತ್ತರ ದಶಕದ ಕೊನೆಯದು. ಫ್ರೆಮಾಂಟಿನ ಒಂದು ಆಫೀಸು, ಅಕ್ಕಪಕ್ಕದ ಕ್ಯುಬಿಕಲ್. ಅವನು ಹೇವರ್ಡ್‌ನಲ್ಲಿ ಹುಟ್ಟಿ ಬೆಳೆದವನು, ನಾನು ಬಸವನಗುಡಿಯಿಂದ ಬಂದವನು. ಓಕ್‌ಲ್ಯಾಂಡಿನಲ್ಲಿ ಆಗೆಲ್ಲ ಬುಧವಾರದ ಆಟಗಳಿಗೆ ಅಗ್ಗದ ಟಿಕೆಟ್ ಸಿಗುತ್ತಿತ್ತು. ಒಂದು ಬುಧವಾರ ನನ್ನನ್ನು ಬಾರ್ಟ್ ರೈಲು ಹತ್ತಿಸಿ ಏಸ್ ಆಡುವ ಕೊಲಿಸಿಯಮ್ ಸ್ಟೇಡಿಯಂಗೆ ಕರೆದುಕೊಂಡು ಹೋದ. ಮೊದಲ ಒಂದು ಗಂಟೆ ಏನೂ ಆಗಲಿಲ್ಲ. ಒಬ್ಬ ಚೆಂಡು ಎಸೆಯುತ್ತಾನೆ, ಇನ್ನೊಬ್ಬ ಬಿಡುತ್ತಾನೆ. ಮತ್ತೆ ಎಸೆಯುತ್ತಾನೆ, ಮತ್ತೆ ಬಿಡುತ್ತಾನೆ. ನಡುವೆ ಉಗುಳುತ್ತಾರೆ, ಟೋಪಿ ಸರಿಮಾಡಿಕೊಳ್ಳುತ್ತಾರೆ, ದೂರ ನೋಡುತ್ತಾರೆ. "ಆಟ ಯಾವಾಗ ಶುರು?" ಎಂದೆ. "ಇದೇ ಆಟ. ಸುಮ್ಮನೆ ಕೂತು ಮಾತಾಡು" ಎಂದ.

ಅವನ ಮಾತು ನಿಜ. ಮೂರು ಗಂಟೆಯ ಬೇಸ್‌ಬಾಲ್ ಆಟದಲ್ಲಿ ಚೆಂಡು ಓಡಾಡುವ ಹೊತ್ತು ಬಹಳ ಕಮ್ಮಿ. ಉಳಿದದ್ದೆಲ್ಲ ಖಾಲಿ. ಟೆಸ್ಟ್ ಕ್ರಿಕೆಟ್ ನೋಡಿ ಬೆಳೆದವನಿಗೆ ಈ ಖಾಲಿ ಹೊತ್ತಿನ ಬೆಲೆ ಹೇಳಿಕೊಡಬೇಕಿಲ್ಲ. ನಮ್ಮ ಗೆಳೆತನ ಬೆಳೆದದ್ದು ಅಲ್ಲೇ, ಒಂದು ಎಸೆತಕ್ಕೂ ಇನ್ನೊಂದು ಎಸೆತಕ್ಕೂ ನಡುವೆ. ಎದುರು ಬದುರು ಕೂತು ಎರಡು ಗಂಡು ಜೀವಗಳು ಮನಸ್ಸಿನ ಮಾತು ಆಡುವುದು ಕಷ್ಟ. ಒಂದೇ ಕಡೆ ನೋಡುತ್ತಾ ಪಕ್ಕಪಕ್ಕ ಕೂತರೆ ಆಡಬಹುದು. ಅವನ ಅಪ್ಪನ ಕಾಯಿಲೆ, ನನ್ನ ಗ್ರೀನ್ ಕಾರ್ಡಿನ ಗೋಳು, ಮಕ್ಕಳ ಓದು ಎಲ್ಲ ಮೂರನೇ ಇನಿಂಗ್ಸ್‌ನಿಂದ ಆರನೇ ಇನಿಂಗ್ಸ್ ಒಳಗೆ ಬಗೆಹರಿಯದೆ ಚರ್ಚೆಯಾಗಿವೆ. ಯಾರಾದರೂ ಜೋರಾಗಿ ಹೊಡೆದರೆ ಮಾತು ನಿಲ್ಲುತ್ತದೆ. ಆಮೇಲೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ.

ಇಬ್ಬರದೂ ಹೆಚ್ಚುಕಮ್ಮಿ ಒಂದೇ ವಯಸ್ಸು. 1974ರಲ್ಲಿ ಇಬ್ಬರೂ ಚಡ್ಡಿ ಹಾಕುತ್ತಿದ್ದವರು. ಆ ವರ್ಷದ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ನಮ್ಮ ಕರ್ನಾಟಕ ರಣಜಿ ಸೆಮಿಫೈನಲ್‌ನಲ್ಲಿ ಬಾಂಬೆಯನ್ನು ಮಣಿಸಿತು. ಸತತ 15 ವರ್ಷ ಟ್ರೋಫಿ ಬಿಟ್ಟುಕೊಡದೆ ಕೂತಿದ್ದ ಬಾಂಬೆ ಅದು. ಪ್ರಸನ್ನ ಕ್ಯಾಪ್ಟನ್. ವಿಶ್ವನಾಥ್ 162 ಹೊಡೆದರು. ಅಜಿತ್ ವಾಡೇಕರ್ ಓಡುವಾಗ ಜಾರಿ ರನೌಟ್ ಆದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಇವನ ಏಸ್ ತಂಡ ಲಾಸ್ ಏಂಜಲಿಸ್ ಡಾಡ್ಜರ್ಸ್ ಮೇಲೆ ಗೆದ್ದು ಸತತ ಮೂರನೇ ಸಲ ವಿಶ್ವ ಸರಣಿ, ಅಂದರೆ ಬೇಸ್‌ಬಾಲ್‌ನ ವರ್ಷದ ಕೊನೆಯ ಪಟ್ಟ, ಗೆದ್ದಿತು. ರೆಜಿ ಜಾಕ್ಸನ್, ಕ್ಯಾಟ್‌ಫಿಶ್ ಹಂಟರ್, ಗಿರಿಜಾ ಮೀಸೆಯ ರಾಲಿ ಫಿಂಗರ್ಸ್ ಎಲ್ಲ ಇದ್ದ ತಂಡ. ಆ ಮೀಸೆಗೂ ಕಥೆ ಇದೆ. 1972ರಲ್ಲಿ ಮಾಲೀಕ ಚಾರ್ಲಿ ಫಿನ್ಲಿ ಮೀಸೆ ಬಿಟ್ಟವರಿಗೆ ತಲಾ 300 ಡಾಲರ್ ಕೊಡುತ್ತೇನೆ ಅಂದಿದ್ದ. ಇಡೀ ತಂಡ ಮೀಸೆ ಬಿಟ್ಟಿತು. ನಮ್ಮ ಕಡೆಯ ಆಟಗಾರರಿಗೆ ಅದನ್ನು ಬಿಟ್ಟಿಯಾಗಿಯೇ ಮಾಡಿಸಬಹುದಿತ್ತು.

ಬೇಸ್‌ಬಾಲ್‌ನಲ್ಲಿ ಒಂದು ತಂಡ ವರ್ಷಕ್ಕೆ ಆಡುವುದು 162 ಆಟ. ವಿಶ್ವನಾಥ್ ಸ್ಕೋರು! ಇದನ್ನು ಅವನಿಗೆ ಹೇಳಿದ ದಿನದಿಂದ ವಿಶಿ ಅಂದರೆ ಅವನಿಗೂ ಗೌರವ. ಅವರ ಸ್ಕ್ವೇರ್ ಕಟ್ ಅವನು ಕಂಡದ್ದು ಯೂಟ್ಯೂಬ್‌ನ ಮಬ್ಬು ಚಿತ್ರದಲ್ಲಿ ಮಾತ್ರ, ಅದೂ ನಾನು ಕುತ್ತಿಗೆ ಹಿಡಿದು ತೋರಿಸಿದ ಮೇಲೆ.

ಗೆಲುವಿಗಿಂತ ಸೋಲುಗಳೇ ನಮ್ಮಿಬ್ಬರನ್ನು ಜಾಸ್ತಿ ಹತ್ತಿರ ತಂದವು. ಅವನ ಎದುರಿಗೆ ನ್ಯೂಯಾರ್ಕ್ ಯಾಂಕೀಸ್ ತಂಡದ ಡೆರೆಕ್ ಜೀಟರ್ ಹೆಸರು ಎತ್ತುವಂತಿಲ್ಲ. 2001ರ ಪ್ಲೇಆಫ್‌ನ ಮೂರನೇ ಆಟ. ಏಸ್ ಕಡೆಯ ಜೆರೆಮಿ ಜಿಯಾಂಬಿ ರನ್ ಪೂರೈಸಲು ಹೋಮ್ ಪ್ಲೇಟ್‌ಗೆ ಓಡಿ ಬರುತ್ತಿದ್ದಾನೆ. ಫೀಲ್ಡರ್ ಎಸೆದ ಚೆಂಡು ದಾರಿ ತಪ್ಪಿದೆ. ಎಲ್ಲಿಂದಲೋ ಜೀಟರ್ ಓಡಿ ಬಂದು, ಅದನ್ನು ಹಿಡಿದು, ಹಾಗೇ ಕೈತಿರುವಿನಲ್ಲಿ ಕ್ಯಾಚರ್‌ಗೆ ದಾಟಿಸಿದ. ಜಿಯಾಂಬಿ ಔಟ್. ಯಾಂಕೀಸ್ 1-0 ಗೆಲುವು. "ಅವನು ಅಲ್ಲಿ ಇರಬಾರದಿತ್ತು. ಅವನಿಗೆ ಅಲ್ಲೇನು ಕೆಲಸ?" ಎಂದು ನಮ್ಮವನು ಇವತ್ತಿಗೂ ಕೇಳುತ್ತಾನೆ. ನಾನು ಅವನಿಗೆ 1986ರ ಏಪ್ರಿಲ್, ಶಾರ್ಜಾ, ಕೊನೆಯ ಎಸೆತ, ಚೇತನ್ ಶರ್ಮಾ, ಜಾವೇದ್ ಮಿಯಾಂದಾದ್ ಎಲ್ಲ ಹೇಳಿದೆ. ಕ್ರಿಕೆಟ್ ಗೊತ್ತಿಲ್ಲದವನೂ ನೋವು ಹಿಡಿದುಬಿಟ್ಟ. ಅವತ್ತಿನಿಂದ ಒಂದು ಒಪ್ಪಂದ ಇದೆ. ನಾನು ಜೀಟರ್ ಅನ್ನುವುದಿಲ್ಲ, ಅವನು ಮಿಯಾಂದಾದ್ ಅನ್ನುವುದಿಲ್ಲ.

ಕುಡಿಯುವ ವಿಷಯದಲ್ಲಿ ಒಪ್ಪಂದ ಅಷ್ಟು ಸುಲಭವಾಗಿರಲಿಲ್ಲ. ನಾನು ಬಿಯರ್ ಕುಡಿಯುವವನಲ್ಲ. ಸರಿ, ಹೆಸರಿಗಾದರೂ ಇರಲಿ ಎಂದು ಅವನು ನನಗೆ ರೂಟ್ ಬಿಯರ್ ಕೊಡಿಸಿದ. ಮದ್ಯ ಇಲ್ಲದ, ಸಿಹಿಯಾದ, ಅಮೆರಿಕನ್ ಮಕ್ಕಳು ಆಸೆಪಟ್ಟು ಕುಡಿಯುವ ಸೋಡಾ. ಒಂದು ಗುಟುಕು ಒಳಗೆ ಹೋದದ್ದೇ ತಡ, ಬೆನ್ನು ನೋವಿಗೆ ಐಯೋಡೆಕ್ಸ್ ಕುಡಿದಂತಾಯಿತು. ಇದರಲ್ಲಿ ನನ್ನ ನಾಲಿಗೆಯ ತಪ್ಪೇನೂ ಇಲ್ಲ. ನೋವಿನ ಮುಲಾಮಿಗೆ ಹಾಕುವ ವಿಂಟರ್‌ಗ್ರೀನ್ ವಾಸನೆಯನ್ನೇ ರೂಟ್ ಬಿಯರ್‌ಗೂ ಹಾಕುತ್ತಾರೆ. ಭಾರತದಿಂದ ಬಂದವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಆ ಮೊದಲ ಗುಟುಕಿಗೆ ಮಾಡುವ ಮುಖ ಒಂದೇ ಥರ.

ಆಂಕರ್ ಸ್ಟೀಮ್ ಬಗ್ಗೆ ಮಾತ್ರ ಅವನು ಪಾಠ ಮಾಡುತ್ತಾನೆ, ನಾನು ಕೇಳುತ್ತೇನೆ. ಕ್ಯಾಲಿಫೋರ್ನಿಯಾಕ್ಕೆ ಚಿನ್ನ ಹುಡುಕಿಕೊಂಡು ಜನ ನುಗ್ಗಿದ ಕಾಲದಲ್ಲಿ ಇಲ್ಲಿ ಐಸ್ ಸಿಗುತ್ತಿರಲಿಲ್ಲ. ಲಾಗರ್ ಬಿಯರ್‌ನ ಯೀಸ್ಟ್‌ಗೆ ತಣ್ಣಗಿನ ಜಾಗ ಬೇಕು. ಇವರು ಅದನ್ನೇ ಬೆಚ್ಚಗಿನ ಹವೆಯಲ್ಲಿ, ಅಗಲವಾದ ಆಳವಿಲ್ಲದ ತೊಟ್ಟಿಗಳಲ್ಲಿ ಹುದುಗಿಸಿದರು. ಕಡಲ ಗಾಳಿಯೇ ಫ್ರಿಜ್. ಹಾಗೆ ಹುಟ್ಟಿದ ಬಗೆಯ ಬಿಯರ್ ಇದು. ಆಂಕರ್ ಕಾರ್ಖಾನೆ 1896ರದ್ದು. 1965ರಲ್ಲಿ ಅದು ಮುಚ್ಚುವ ಹಂತಕ್ಕೆ ಬಂದಾಗ, ವಾಷಿಂಗ್ ಮೆಷಿನ್ ತಯಾರಿಸುವ ಮನೆತನದ ಹುಡುಗ ಫ್ರಿಟ್ಜ್ ಮೇಟ್ಯಾಗ್, ತಾನು ಕುಡಿಯುವ ಬಿಯರ್ ನಿಂತುಹೋಗುತ್ತಲ್ಲಾ ಎಂದು ಕಂಪನಿಯನ್ನೇ ಕೊಂಡುಕೊಂಡ. ಅಭಿಮಾನ ಅಂದರೆ ಅದಪ್ಪಾ! 2023ರಲ್ಲಿ ಮತ್ತೆ ಬಾಗಿಲು ಹಾಕಿದಾಗ ನಮ್ಮವನ ಹತ್ತಿರ ವಾಷಿಂಗ್ ಮೆಷಿನ್ ಒಂದೇ ಇತ್ತು, ಮನೆತನ ಇರಲಿಲ್ಲ. ಅಂಗಡಿ ಅಂಗಡಿ ಸುತ್ತಿ ಸಿಕ್ಕಷ್ಟು ಬಾಟಲಿ ತಂದು ಗರಾಜಿನಲ್ಲಿ ಪೇರಿಸಿದ. 2024ರಲ್ಲಿ ಛೊಬಾನಿ ಮೊಸರಿನ ಹಮ್ದಿ ಉಲುಕಾಯ ಅದನ್ನು ಕೊಂಡಿದ್ದಾರೆ ಎಂದು ಓದಿ ನನಗೆ ಫೋನ್ ಮಾಡಿದ. "ಮೊಸರನ್ನದ ಜನ ಅಲ್ವಾ ನೀವು? ನಿಮ್ಮ ದೇವರಿಗೆ ಒಂದು ಮಾತು ಹೇಳು."

ಕಾಫಿಗೆ ಅವನನ್ನು ಇಳಿಸಿದ್ದು ನಾನು. ಆ ದಿನಗಳಲ್ಲಿ ಇಲ್ಲಿ ನಮ್ಮೂರಿನ ಕಾಫಿ ಪುಡಿ ಸುಲಭವಾಗಿ ಸಿಗುತ್ತಿರಲಿಲ್ಲ. ನ್ಯೂ ಆರ್ಲಿಯನ್ಸ್‌ನ ಕೆಫೆ ಡು ಮಾಂಡ್ ಅಂತ ಹಳದಿ ಡಬ್ಬ ಬರುತ್ತದೆ. ಅದರಲ್ಲಿ ಚಿಕೋರಿ ಇದೆ. ಹೀಗಾಗಿ ಅಮೆರಿಕದ ಎಷ್ಟೋ ದಕ್ಷಿಣ ಭಾರತೀಯರ ಸ್ಟೀಲ್ ಫಿಲ್ಟರ್ ಅದನ್ನೇ ನಂಬಿಕೊಂಡಿತ್ತು. ಹಾಲಿನ ಜೊತೆಗೆ ಸ್ವಲ್ಪ 'ಹಾಫ್ ಅಂಡ್ ಹಾಫ್' (ಅರ್ಧ ಹಾಲು, ಅರ್ಧ ಕೆನೆ) ಸೇರಿಸಿದರೆ ಗಾಂಧಿ ಬಜಾರ್ ಪೂರ್ತಿ ಬರುವುದಿಲ್ಲ, ಆದರೆ ಬಸ್ ಸ್ಟಾಪ್ ತನಕ ಬರುತ್ತದೆ. ಭಾನುವಾರದ ಆಟಕ್ಕೆ ಮೊದಲು ಕೊಲಿಸಿಯಮ್ ಪಾರ್ಕಿಂಗ್ ಲಾಟ್‌ನಲ್ಲಿ ಜನ ಕಾರಿನ ಡಿಕ್ಕಿ ತೆರೆದು, ಒಲೆ ಹಚ್ಚಿ, ಮಾಂಸ ಸುಡುತ್ತಾ ಬಿಯರ್ ಕುಡಿಯುತ್ತಿದ್ದರು. ನಾವು ಫ್ಲಾಸ್ಕ್ ತೆರೆದು ಕೋಡುಬಳೆ ಡಬ್ಬ ಬಿಚ್ಚುತ್ತಿದ್ದೆವು. ಮೊದಲ ದಿನ ಅವನು ದೊಡ್ಡ ಮಗ್ ಹಿಡಿದು ಬಂದಿದ್ದ. ಇದು ಅಷ್ಟು ಕುಡಿಯುವ ಕಾಫಿಯಲ್ಲ, ಒಂದನ್ನು ಇಬ್ಬರು ಹಂಚಿಕೊಳ್ಳುವುದೇ ಪದ್ಧತಿ ಎಂದು ಬೈ-ಟು ಕಲಿಸಿದೆ. ಅವನಿಗೆ ಅದು ಎಷ್ಟು ಹಿಡಿಸಿತು ಅಂದರೆ ಈಗ ಎಲ್ಲಕ್ಕೂ ಬೈ-ಟು. ಗಾರ್ಲಿಕ್ ಫ್ರೈಸ್ ಬೈ-ಟು, ಪಾರ್ಕಿಂಗ್ ದುಡ್ಡು ಬೈ-ಟು. ಒಮ್ಮೆ ಪೊಲೀಸರು ಕೊಟ್ಟ ಸ್ಪೀಡಿಂಗ್ ಟಿಕೆಟ್ಟನ್ನೂ ಬೈ-ಟು ಮಾಡಲು ನೋಡಿದ. ಕಾರು ಓಡಿಸುತ್ತಿದ್ದವನು ಅವನೇ.

ಕೊಲಿಸಿಯಮ್ ಚೆಂದದ ಸ್ಟೇಡಿಯಂ ಅಲ್ಲ. ಕಾಂಕ್ರೀಟಿನ ದೊಡ್ಡ ತೊಟ್ಟಿ. ಕೊಳಚೆ ನೀರು ಉಕ್ಕಿ ಡ್ರೆಸಿಂಗ್ ರೂಮಿಗೆ ಬಂದದ್ದೂ ಉಂಟು. ಆದರೆ ಚಿನ್ನಸ್ವಾಮಿಯಲ್ಲಿ ಜನ ಸಾಲಾಗಿ ಎದ್ದು ಕೂತು ಮಾಡುವ ಅಲೆ ಇದೆಯಲ್ಲ, ಅದನ್ನು ಕ್ರೇಜಿ ಜಾರ್ಜ್ ಎಂಬ ಚಿಯರ್ ಲೀಡರ್ 1981ರ ಅಕ್ಟೋಬರ್ 15ರಂದು ಇಲ್ಲೇ ಎಬ್ಬಿಸಿದ. ಅದರ ಹುಟ್ಟಿನ ಬಗ್ಗೆ ಬೇರೆ ಊರಿನವರೂ ಹಕ್ಕು ಸಾಧಿಸುತ್ತಾರೆ. ನಮ್ಮವನ ಮುಂದೆ ಸಾಧಿಸಿ ನೋಡಲಿ.

2002ರ ಸೆಪ್ಟೆಂಬರ್ 4ರ ರಾತ್ರಿ ನಾವು ಅಲ್ಲಿದ್ದೆವು. ಏಸ್ ಸತತ 19 ಆಟ ಗೆದ್ದಿತ್ತು. 55,000 ಮೀರಿದ ಜನ. ಕ್ಯಾನ್ಸಾಸ್ ಸಿಟಿ ಮೇಲೆ ಮೂರೇ ಇನಿಂಗ್ಸ್‌ಗೆ 11-0. ಎದುರಾಳಿ ನಾಲ್ಕನೇ ಮತ್ತು ಎಂಟನೇ ಇನಿಂಗ್ಸ್‌ನಲ್ಲಿ ಐದೈದು ರನ್ ಬಾಚಿ, ಒಂಬತ್ತನೇ ಇನಿಂಗ್ಸ್‌ನಲ್ಲಿ 11-11 ಮಾಡಿದರು. ನಮ್ಮವನು ಪೆನ್ಸಿಲ್ ಹಿಡಿದು ಸ್ಕೋರ್ ಕಾರ್ಡ್ ಬರೆಯುವ ಹಳೇ ಕಾಲದ ಅಭಿಮಾನಿ. ಮೂರು ಎಸೆತ ಕಳೆದುಕೊಂಡು ಔಟಾಗುವ ಸ್ಟ್ರೈಕ್ ಔಟ್‌ಗೆ 'ಕೆ', ಬ್ಯಾಟ್ ಬೀಸದೆ ನಿಂತು ಔಟಾದರೆ ತಿರುಗಿಸಿ ಬರೆದ 'ಕೆ'. ಆ ರಾತ್ರಿ ಪೆನ್ಸಿಲ್ ಮುರಿಯಿತು. ಏಳನೇ ಇನಿಂಗ್ಸ್ ಆದ ಮೇಲೆ ಆಗ ಬಿಯರ್ ಮಾರುತ್ತಿರಲಿಲ್ಲ. ಹಾಗಾಗಿ ಗಂಟಲು ಒಣಗಿಸಿಕೊಂಡೇ ನೋಡಬೇಕಾಯಿತು. ಆಗ ಏಸ್ ಕಡೆಯ ಸ್ಕಾಟ್ ಹ್ಯಾಟ್‌ಬರ್ಗ್ ಬಂದು ಹೋಮ್ ರನ್, ನಮ್ಮ ಸಿಕ್ಸರ್ ಥರದ್ದು, ಬಾರಿಸಿದ. 12-11. ಗೆಳೆಯ ನನ್ನನ್ನು ಎತ್ತಿಕೊಂಡ. ಕೆಳಗಿಳಿಸುವಾಗ ಅವನ ಸೊಂಟ ಹಿಡಿಯಿತು. ಮನೆಗೆ ಹೋಗಿ ನಿಜವಾದ ಐಯೋಡೆಕ್ಸ್ ಹಚ್ಚಿದೆವು.

ತಂಡ ಹೊರಡುವ ಸುದ್ದಿ 2023ರ ಏಪ್ರಿಲ್‌ನಲ್ಲಿ ಬಂತು. ಲಾಸ್ ವೇಗಸ್‌ಗೆ. ಮೇ ತಿಂಗಳ ಒಂದು ರಾತ್ರಿ ಬರೀ 2,064 ಜನ ಬಂದಿದ್ದರು. ಜನ ಬರುವುದಿಲ್ಲ ಎಂದು ಮಾಲೀಕರು, ತಂಡವನ್ನು ಬೇರೆಯವರಿಗೆ ಮಾರಿ ಹೋಗಿ ಎಂದು ಜನ. ಜೂನ್ 13ರಂದು ಅಭಿಮಾನಿಗಳು ಬೇಕೆಂದೇ ಸ್ಟೇಡಿಯಂ ತುಂಬಿಸಿದರು. 27,759 ಜನ, ಎಲ್ಲೆಲ್ಲೂ 'ಸೆಲ್' (ಮಾರಿಬಿಡಿ) ಎಂದು ಬರೆದ ಹಸಿರು ಟೀ ಶರ್ಟು. ಬಹಿಷ್ಕಾರ ಅಂದರೆ ಮನೆಯಲ್ಲಿ ಕೂರುವುದು ಎಂದು ತಿಳಿದಿದ್ದ ನನಗೆ, ಬಂದು ಕೂತು ಬಹಿಷ್ಕರಿಸುವ ಈ ಬಗೆ ಹೊಸದು. ಆಟವನ್ನೂ ಗೆದ್ದರು. ಏನೂ ಪ್ರಯೋಜನ ಆಗಲಿಲ್ಲ. ಅದೇ ವರ್ಷ ಎಸೆತಕ್ಕೆ ಗಡುವು ಹಾಕುವ ಪಿಚ್ ಕ್ಲಾಕ್ ಬೇರೆ ಬಂತು. ಬೇಸ್‌ಗಳಲ್ಲಿ ಓಟಗಾರ ಇಲ್ಲದಿದ್ದರೆ 15 ಸೆಕೆಂಡಿನಲ್ಲಿ ಎಸೆಯಬೇಕು. ಆಟ ಸರಾಸರಿ 24 ನಿಮಿಷ ಮೊಟಕಾಯಿತು. ಎಲ್ಲರೂ ಹೊಗಳಿದರು. ನಮಗೆ ಮಾತಿಗೆ ಕತ್ತರಿ ಬಿತ್ತು.

2024ರ ಸೆಪ್ಟೆಂಬರ್ 26, ಗುರುವಾರ ಮಧ್ಯಾಹ್ನ, ಕೊನೆಯ ಆಟ. ಟೆಕ್ಸಸ್ ಮೇಲೆ 3-2 ಗೆಲುವು. ಕೊನೆಯ ಔಟಿನ ತನಕ ಅವನು ಕಾರ್ಡ್ ತುಂಬಿದ, ಕೆಳಗೆ ತಾರೀಖು ಹಾಕಿದ. ಜನ ಮೈದಾನದ ಅಂಚಿನ ಮಣ್ಣು ಒಯ್ಯುತ್ತಿದ್ದರು. ಇವನೂ ಬಿಯರ್ ಕಪ್‌ನಲ್ಲಿ ತುಂಬಿಕೊಂಡ. ಮನೆಯಲ್ಲಿ ಹೆಂಡತಿ, "ಇದರಲ್ಲಿ ಕೊತ್ತಂಬರಿ ಹಾಕೋಣವಾ?" ಎಂದು ಕೇಳಿದಳಂತೆ. ಎರಡು ದಿನ ಮಾತು ಬಿಟ್ಟಿದ್ದ.

ಲಾಸ್ ವೇಗಸ್ ಸ್ಟೇಡಿಯಂ ಆಗುವ ತನಕ ತಂಡ ಸ್ಯಾಕ್ರಮೆಂಟೊ ಪಕ್ಕದ ಪುಟ್ಟ ಮೈದಾನದಲ್ಲಿ ಆಡುತ್ತದೆ. ಹೆಸರಿನ ಮುಂದೆ ಊರೇ ಇಲ್ಲ, ಬರೀ ಅಥ್ಲೆಟಿಕ್ಸ್. ಕಾರಿನಲ್ಲಿ ಒಂದೂವರೆ ಗಂಟೆ, ಹೋಗೋಣ ಎಂದೆ. ಬಾಡಿಗೆ ಮನೆಗೆ ಹೋಗಿ ಅವರ ಮುಖ ನೋಡುವುದಿಲ್ಲ ಎಂದ. ಹಾಗಾಗಿ ಈಗ ಪಶ್ಚಿಮ ಓಕ್‌ಲ್ಯಾಂಡಿನ ರೈಮಾಂಡಿ ಪಾರ್ಕಿಗೆ ಹೋಗುತ್ತೇವೆ. 2024ರಲ್ಲಿ ಆಡಲು ಶುರುಮಾಡಿದ ಓಕ್‌ಲ್ಯಾಂಡ್ ಬಾಲರ್ಸ್ ಎಂಬ ಸಣ್ಣ ತಂಡ, ಪಯನೀಯರ್ ಲೀಗ್. ಆಟಗಾರರ ಹೆಸರು ಯಾರಿಗೂ ಗೊತ್ತಿಲ್ಲ, ಕೂಗುವುದು ಮಾತ್ರ ಅದೇ ಡೋಲು ಬಾರಿಸುವ ಹಳೇ ಜನ. ಎರಡನೇ ವರ್ಷಕ್ಕೇ ಲೀಗ್ ಗೆದ್ದುಬಿಟ್ಟರು. ಸ್ಥಳೀಯ ಬಿಯರ್ ಕುಡಿದು, "ಪರವಾಗಿಲ್ಲ" ಅನ್ನುತ್ತಾನೆ. ಅವನ ಬಾಯಲ್ಲಿ ಅದು ಬೈಗುಳ.

ಒಂದೇ ತಕರಾರು. ಈ ಲೀಗ್‌ನಲ್ಲಿ ಆಟ ಸಮವಾದರೆ ಹೆಚ್ಚುವರಿ ಇನಿಂಗ್ಸ್ ಇಲ್ಲ. ಎರಡೂ ಕಡೆಯಿಂದ ಒಬ್ಬೊಬ್ಬ ಬಂದು ಹೋಮ್ ರನ್ ಹೊಡೆಯುತ್ತಾನೆ, ಜಾಸ್ತಿ ಹೊಡೆದವನ ತಂಡ ಗೆದ್ದಂತೆ. ಇದು ಬೇಸ್‌ಬಾಲ್‌ಗೆ ಮಾಡುವ ಅವಮಾನ ಎಂದು ಅವನು ಎದ್ದು ಹೋಗುತ್ತಾನೆ. ನಾನು ಏಳುವುದಿಲ್ಲ. ವಿಶ್ವಕಪ್ ಫೈನಲ್ಲನ್ನೇ ಬೌಂಡರಿ ಎಣಿಸಿ ಕೊಟ್ಟದ್ದು ನೋಡಿದವನು ನಾನು, ನನಗೆ ಇದ್ಯಾವ ಲೆಕ್ಕ? ಪೂರ್ತಿ ನೋಡಿ ಕಾರಿನ ಹತ್ತಿರ ಹೋದರೆ ಫ್ಲಾಸ್ಕಿನ ಕಾಫಿಯನ್ನು ಅವನೊಬ್ಬನೇ ಕುಡಿಯುತ್ತಿರುತ್ತಾನೆ. ಯಾರು ಗೆದ್ದರು ಎಂದು ಕೇಳುವುದಿಲ್ಲ. ನಾನೂ ಹೇಳುವುದಿಲ್ಲ. ಹೇಗೂ ಫೋನಿನಲ್ಲಿ ನೋಡಿರುತ್ತಾನೆ.