ಬಾಗಿಲು ತೆಗೆದರೆ ಸಮುದ್ರ

‘ಆನ್ ಶಿಯೆನ್ ಆಂದಲೂ’ ನೋಡಿ ಬಂದವರನ್ನು ಕೇಳಿ, ಹತ್ತರಲ್ಲಿ ಒಂಬತ್ತು ಜನ ಕಣ್ಣಿನ ದೃಶ್ಯದ ಬಗ್ಗೆಯೇ ಮಾತಾಡುತ್ತಾರೆ. 1929ರ ಮೂಕಿ ಚಿತ್ರ. ಹೆಚ್ಚು ಕಡಿಮೆ ಹದಿನಾರು ನಿಮಿಷ. ಶುರುವಿನಲ್ಲೇ ಬಾಲ್ಕನಿಯಲ್ಲಿ ಒಬ್ಬ ಸಿಗರೇಟು ಸೇದುತ್ತಾ ರೇಜರ್ ಮಸೆಯುತ್ತಾನೆ. ಅವನೇ ನಿರ್ದೇಶಕ ಲೂಯಿ ಬುನ್ಯುಯೆಲ್. ಚಂದ್ರನ ಮೇಲೆ ತೆಳು ಮೋಡವೊಂದು ಹಾಯುತ್ತದೆ, ಮರುಕ್ಷಣ ರೇಜರ್ ಕಣ್ಣನ್ನು ಸೀಳುತ್ತದೆ. ಅದು ಸತ್ತ ಕರುವಿನ ಕಣ್ಣು ಅಂತ ಗೊತ್ತಿದ್ದರೂ ಹೊಟ್ಟೆ ತೊಳಸುತ್ತದೆ, ನಿಜ. ಆದರೆ ಆ ಗಾಬರಿಯಲ್ಲೇ ಕೂತರೆ ಉಳಿದ ಚಿತ್ರ ಕೈತಪ್ಪಿ ಹೋಗುತ್ತದೆ. ನನ್ನ ಲೆಕ್ಕದಲ್ಲಿ ಅಸಲಿ ಕಿತಾಪತಿ ಶುರುವಾಗುವುದೇ ಆಮೇಲೆ.

ಗೆಳೆಯರ ಜೊತೆ ಕೂತು ನೋಡಿದಾಗ ಮೊದಲು ಬಂದ ಪ್ರಶ್ನೆ, ‘ಅಂಗೈಯಿಂದ ಇರುವೆ ಬರುತ್ತಲ್ಲ, ಅದರ ಅರ್ಥ ಏನು?’ ಅರ್ಥ ಇರಬಾರದು ಅಂತಲೇ ಮಾಡಿದ್ದು ಮಾರಾಯ! ಮೋಡ ಚಂದ್ರನನ್ನು ಸೀಳಿದ ಕನಸು ಬಿದ್ದಿದ್ದು ಬುನ್ಯುಯೆಲ್‌ಗೆ, ಕೈ ತುಂಬ ಇರುವೆ ಕಂಡಿದ್ದು ಕಲಾವಿದ ಸಾಲ್ವಡಾರ್ ಡಾಲಿಗೆ. ಇಬ್ಬರೂ ಸ್ಪೇನಿನ ಡಾಲಿಯ ಊರಿನಲ್ಲಿ ಕೂತು ಒಂದು ವಾರದೊಳಗೆ ಚಿತ್ರಕತೆ ಬರೆದು ಮುಗಿಸಿದರು. ಹಾಕಿಕೊಂಡ ಕಟ್ಟಳೆ ಒಂದೇ: ತರ್ಕಕ್ಕೆ ಸಿಗುವ, ‘ಇದು ಇದಕ್ಕಾಗಿ’ ಅಂತ ವಿವರಿಸಬಹುದಾದ ಯಾವ ದೃಶ್ಯವನ್ನೂ ಒಳಗೆ ಬಿಡಬಾರದು. ದುಡ್ಡು ಬುನ್ಯುಯೆಲ್‌ನ ಅಮ್ಮ ಕೊಟ್ಟದ್ದು. (ಪಾಪ, ಆಕೆಗೆ ಏನಂತ ಹೇಳಿ ಇಸ್ಕೊಂಡನೋ.) ಫ್ರೆಂಚ್ ಹೆಸರಿನ ಅರ್ಥ ‘ಆಂದಲೂಸಿಯಾದ (ಅಂದರೆ ದಕ್ಷಿಣ ಸ್ಪೇನಿನ) ನಾಯಿ’, ಆ ನಾಯಿ ಚಿತ್ರದಲ್ಲಿ ಎಲ್ಲೂ ಇಲ್ಲ. ಆದರೂ ಆಂದಲೂಸಿಯಾದವನೇ ಆದ ಕವಿ ಲೋರ್ಕಾ ‘ಆ ನಾಯಿ ನಾನೇ’ ಅಂತ ಮುನಿಸಿಕೊಂಡಿದ್ದನಂತೆ. ಅರ್ಥ ಹುಡುಕುವ ಚಟ ದೊಡ್ಡವರನ್ನೂ ಬಿಡಲಿಲ್ಲ.

ಹಾಗಂತ ಇದು ಕೈಗೆ ಸಿಕ್ಕಿದ್ದೆಲ್ಲ ಸುರಿದ ಚಿತ್ರವೂ ಅಲ್ಲ. ಎಡಿಟಿಂಗ್ ಗಮನಿಸಿ. ಎಲ್ಲ ಕಟ್‌ಗಳೂ ಆ ಕಾಲದ ಯಾವುದೇ ಮರ್ಯಾದಸ್ಥ ಸಿನಿಮಾದ ಕಟ್‌ಗಳೇ. ಹೆಂಗಸು ಕಿಟಕಿಯಿಂದ ನೋಡುತ್ತಾಳೆ, ಮುಂದಿನ ಶಾಟ್‌ನಲ್ಲಿ ಅವಳು ಕಂಡದ್ದು ನಮಗೂ ಕಾಣುತ್ತದೆ. ಗಂಡಸು ಅಟ್ಟಿಸಿಕೊಂಡು ಬರುತ್ತಾನೆ, ಅವಳು ಪಕ್ಕದ ಕೋಣೆಗೆ ಓಡಿ ಅವನ ಕೈ ಸಿಕ್ಕಿಹಾಕಿಕೊಳ್ಳುವ ಹಾಗೆ ಬಾಗಿಲು ಒತ್ತುತ್ತಾಳೆ. ತಿರುಗಿ ನೋಡಿದರೆ ಅದೇ ಕೋಣೆ, ಮಂಚದ ಮೇಲೆ ಅದೇ ಗಂಡಸು! ಇನ್ನೊಂದು ಕಡೆ ಅವನದೇ ಮುಖದ ಇನ್ನೊಬ್ಬನಿಗೆ ಗುಂಡೇಟು ಬೀಳುತ್ತದೆ. ಕುಸಿಯಲು ಶುರುಮಾಡುವುದು ಕೋಣೆಯಲ್ಲಿ, ನೆಲಕ್ಕೆ ಬೀಳುವುದು ಬಯಲಿನ ಹುಲ್ಲಿನ ಮೇಲೆ. ಎರಡು ಶಾಟ್‌ಗಳ ನಡುವೆ ಆ ಬೀಳುವ ಚಲನೆ ಚೂರೂ ತುಂಡಾಗುವುದಿಲ್ಲ, ಹಾಗಾಗಿ ನಮ್ಮ ಕಣ್ಣು ಅದನ್ನು ಸಲೀಸಾಗಿ ನಂಬಿಬಿಡುತ್ತದೆ. ‘ಎಂಟು ವರ್ಷಗಳ ನಂತರ’ ಅಂತ ಬರಹ ಬರುತ್ತದೆ, ಯಾರಿಗೂ ಒಂದು ದಿನವೂ ವಯಸ್ಸಾಗಿಲ್ಲ. ಆಮೇಲೆ ‘ಬೆಳಗಿನ ಜಾವ ಮೂರರ ಸುಮಾರಿಗೆ’. ಆಮೇಲೆ ‘ಹದಿನಾರು ವರ್ಷಗಳ ಹಿಂದೆ’. ನಟರು ಮಾತ್ರ ಏನೂ ಆಗದವರಂತೆ ಅಲ್ಲೇ ನಿಂತಿರುತ್ತಾರೆ. ಸಿನಿಮಾ ಅಂದರೆ ನಾವು ಎಷ್ಟು ಬೇಗ ತಲೆಯಾಡಿಸುತ್ತೇವೆ ಅನ್ನುವುದನ್ನೇ ಇಬ್ಬರೂ ಸೇರಿ ಗೇಲಿ ಮಾಡುತ್ತಿದ್ದಾರೆ.

ನಾವು ತಲೆಯಾಡಿಸುವುದರಲ್ಲಿ ಯಾರಿಗೂ ಕಡಿಮೆಯಿಲ್ಲ ಬಿಡಿ. ನಮ್ಮ ಹೀರೋ ಬೆಂಗಳೂರಿನ ಮನೆ ಹೊಸ್ತಿಲು ದಾಟಿ ಹಿಮದ ಬೆಟ್ಟದ ಮೇಲೆ ಕುಣಿದು, ಚರಣ ಮುಗಿಯುವುದರೊಳಗೆ ನಾಲ್ಕು ಸಲ ಬಟ್ಟೆ ಬದಲಿಸಿದರೆ ಯಾರೂ ಅರ್ಥ ಕೇಳುವುದಿಲ್ಲ. ಹಾಡು ಅಂತ ಗೊತ್ತು, ಸುಮ್ಮನೆ ನೋಡುತ್ತೇವೆ. ಅದೇ ಧಾರಾಳ ಇಲ್ಲೂ ತೋರಿಸಿದರೆ ಸಾಕು.

ಮತ್ತೆ, ಇದು ನಗೆಯ ಚಿತ್ರ ಕಣ್ರೀ! ಆ ಮನುಷ್ಯ ಹೆಣ್ಣಿನ ಕಡೆ ಹೋಗಲು ಹೊರಟವನು ಹಗ್ಗ ಹಿಡಿದು ಏನನ್ನೋ ಎಳೆಯತೊಡಗುತ್ತಾನೆ, ತೇರು ಎಳೆದ ಹಾಗೆ ಉಸಿರು ಬಿಗಿಹಿಡಿದು. ಹಿಂದೆ ಬರುವುದು ಎರಡು ಪಿಯಾನೊ, ಅವುಗಳ ಮೇಲೆ ಕೊಳೆತ ಕತ್ತೆಗಳು, ಜೊತೆಗೆ ನೆಲದ ಮೇಲೆ ಅಂಗಾತ ಬಿದ್ದು ಎಳೆಸಿಕೊಂಡು ಬರುವ ಇಬ್ಬರು ಪಾದ್ರಿಗಳು. ಒಬ್ಬ ಪಾದ್ರಿಯ ವೇಷದಲ್ಲಿ ಡಾಲಿಯೇ ಇದ್ದಾನೆ. ನಾನು ಗಟ್ಟಿಯಾಗಿ ನಕ್ಕೆ, ಪಕ್ಕದವರು ಗಂಭೀರವಾಗಿ ಕೂತಿದ್ದರು. ಕ್ಲಾಸಿಕ್ ಅಂದ ತಕ್ಷಣ ನಮಗೆ ಅದೇನು ಭಕ್ತಿ ಬಂದುಬಿಡುತ್ತದೋ.

ಆ ಭಕ್ತಿ ಅವತ್ತೇ ಶುರುವಾಗಿತ್ತು. ಮೊದಲ ಪ್ರದರ್ಶನ, 1929ರ ಜೂನ್ 6, ಪ್ಯಾರಿಸ್‌ನ ಸ್ಟುಡಿಯೊ ದೆ ಉರ್ಸುಲಿನ್ ಥಿಯೇಟರು. ಜನ ತಿರುಗಿಬಿದ್ದರೆ ಎಸೆಯಲು ಜೇಬಿಗೆ ಕಲ್ಲು ತುಂಬಿಕೊಂಡು, ಪರದೆಯ ಹಿಂದೆ ನಿಂತು ಗ್ರಾಮಫೋನಿನಲ್ಲಿ ಒಮ್ಮೆ ವ್ಯಾಗ್ನರ್, ಒಮ್ಮೆ ಟ್ಯಾಂಗೊ ಹಾಕುತ್ತಿದ್ದೆ ಅಂತ ಬುನ್ಯುಯೆಲ್ ಮುಂದೆ ಹೇಳಿಕೊಂಡಿದ್ದಾನೆ. ಪಿಕಾಸೊ, ಕಾಕ್ತೊ ಥರದ ಕಲಾವಿದರು ತುಂಬಿದ್ದ ಸಭಾಂಗಣದಿಂದ ಬಂದದ್ದು ಚಪ್ಪಾಳೆ! ಮುಂದೆ ಇನ್ನೊಂದು ಥಿಯೇಟರಿನಲ್ಲಿ ಎಂಟು ತಿಂಗಳು ಓಡಿತು. ಕೊಲೆಗೆ ಕರೆ ಕೊಟ್ಟಂತಿರುವುದನ್ನು ಸುಂದರ, ಕಾವ್ಯಮಯ ಅನ್ನುತ್ತಾರಲ್ಲ ಅಂತ ಅವನು ಸಿಡುಕಿದ. ಮೆಚ್ಚಿದವರ ಮೇಲೆ ಸಿಟ್ಟಾಗುವ ನಿರ್ದೇಶಕ ಈಗ ಎಲ್ಲಿ ಸಿಗಬೇಕು!

ನನಗೆ ಒಂದು ತಕರಾರಿದೆ. ಆ ಗಂಡಸು ಅವಳ ಒಪ್ಪಿಗೆಯಿಲ್ಲದೆ ಮೈಮೇಲೆ ಕೈ ಹಾಕುತ್ತಾನೆ. ಬಟ್ಟೆ ಮಾಯವಾಗುತ್ತದೆ, ಮತ್ತೆ ಬರುತ್ತದೆ, ಕ್ಯಾಮೆರಾ ಅವನ ಕಣ್ಣೊಳಗೇ ಕೂತಿದೆ. ಇಲ್ಲಿ ನಗು ಬರಲಿಲ್ಲ, ‘ಕನಸು ಕಣಪ್ಪ’ ಅನ್ನುವ ಸಮಜಾಯಿಷಿಯೂ ಸಾಲಲಿಲ್ಲ. ತರ್ಕ, ಚರ್ಚು, ಸಭ್ಯತೆ ಎಲ್ಲವನ್ನೂ ಆಚೆಗೆಸೆದ ಹುಡುಗರು ಇದೊಂದನ್ನು ಎಸೆದಿಲ್ಲ. ಕನಸು ಕಾಣುವ ಹಕ್ಕು ಗಂಡಸರದು, ಕನಸಿನಲ್ಲಿ ಕಾಣಿಸಿಕೊಳ್ಳುವ ಕೆಲಸ ಹೆಂಗಸರದು ಅನ್ನುವ ಹಾಗಿದೆ.

ಆದರೂ ಚಿತ್ರವನ್ನು ಕೊನೆಗೆ ಹೊತ್ತೊಯ್ಯುವವಳು ಅವಳೇ. ಸಿಮೋನ್ ಮಾರುಯ್ ಅಂತ ನಟಿಯ ಹೆಸರು. ಅವನು ಬಾಯಿ ಒರೆಸಿಕೊಂಡರೆ ಬಾಯಿಯೇ ಅಳಿಸಿಹೋಗುತ್ತದೆ. ಇವಳು ಹಟಕ್ಕೆ ಬಿದ್ದವಳಂತೆ ತನ್ನ ತುಟಿಗೆ ಲಿಪ್‌ಸ್ಟಿಕ್ ಹಚ್ಚುತ್ತಾಳೆ. ಅವನ ಬಾಯಿಯ ಜಾಗದಲ್ಲಿ ಕೂದಲು ಕಾಣಿಸಿಕೊಂಡಾಗ ತನ್ನ ಕಂಕುಳು ನೋಡಿಕೊಳ್ಳುತ್ತಾಳೆ, ಅಲ್ಲಿ ಕೂದಲಿಲ್ಲ! ಅವನತ್ತ ನಾಲಿಗೆ ಚಾಚಿ ಅಣಕಿಸಿ, ಬಾಗಿಲು ತೆಗೆದು ಹೊರಗೆ ಕಾಲಿಡುತ್ತಾಳೆ. ಹೊರಗೆ ಸಮುದ್ರ. ಮಹಡಿ ಮನೆಯ ಬಾಗಿಲಿಗೆ ಸಮುದ್ರ! ಗಾಳಿಗೆ ಕೂದಲು ಹಾರುತ್ತದೆ, ಅಲ್ಲಿ ಇನ್ನೊಬ್ಬ ಕಾಯುತ್ತಿದ್ದಾನೆ, ತಡವಾಯಿತು ಅಂತ ವಾಚು ತೋರಿಸುತ್ತಾನೆ. ಇಡೀ ಚಿತ್ರದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಈ ಜಾಗ.

ಯೂಟ್ಯೂಬಿನಲ್ಲಿ ಹುಡುಕಿದರೆ ಸಿಗುತ್ತದೆ. ಅದರ ಪಕ್ಕದಲ್ಲೇ ‘ಅರ್ಥ ವಿವರಿಸಲಾಗಿದೆ’ ಅನ್ನುವ ವಿಡಿಯೊಗಳೂ ಬರುತ್ತವೆ, ಅವುಗಳ ತಂಟೆಗೆ ಹೋಗಬೇಡಿ. ಈಗ ಕೇಳಿಸುವ ಸಂಗೀತ 1960ರಲ್ಲಿ ಬುನ್ಯುಯೆಲ್ ತನ್ನ ಹಳೇ ಗ್ರಾಮಫೋನಿನ ಆಯ್ಕೆ ನೆನಪಿಟ್ಟುಕೊಂಡು ಸೇರಿಸಿದ್ದು, ಹಾಗಾಗಿ ಮ್ಯೂಟ್ ಮಾಡದೆ ನೋಡಿ. ಊಟ ಆದಮೇಲೆ ಮಾತ್ರ ಬೇಡ.