ನಾಲ್ಕು ಪಾಯಿಂಟ್ ಗೆಲುವು, ಹದಿನೆಂಟು ಬಿಹೈಂಡ್: ಕಾಲಿಂಗ್‌ವುಡ್ ಕಪ್ ಎತ್ತಿದ್ದು ಅದೃಷ್ಟದಿಂದ ಅಲ್ಲ

ಶನಿವಾರ ಸೈರನ್ ಕೂಗಿದಾಗಿನಿಂದ ಎಲ್ಲಿ ನೋಡಿದರೂ ಎರಡೇ ಮಾತು. ಬ್ರಿಸ್ಬೇನ್ ಕಡೆಯವರದ್ದು "ಅದೃಷ್ಟ". ನಮ್ಮ ಕಾಲಿಂಗ್‌ವುಡ್ ಕಡೆಯವರದ್ದು "ಕೊನೇ ಗಳಿಗೆಯಲ್ಲಿ ನಮ್ಮನ್ನ ಯಾರೂ ಸೋಲಿಸೋಕಾಗಲ್ಲ". ಎರಡೂ ತಪ್ಪು ಅಂತ ನನ್ನ ವಾದ. 2023ರ ಎಎಫ್‌ಎಲ್ (ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್) ಗ್ರ್ಯಾಂಡ್ ಫೈನಲ್‌ನ ಸ್ಕೋರನ್ನೇ ಸರಿಯಾಗಿ ಓದಿದರೆ ಸಾಕು, ಎರಡು ಮಾತೂ ನಿಲ್ಲೋದಿಲ್ಲ.

ಸ್ಕೋರ್ ಹೀಗಿದೆ: ಕಾಲಿಂಗ್‌ವುಡ್ 12.18, ಒಟ್ಟು 90. ಬ್ರಿಸ್ಬೇನ್ ಲಯನ್ಸ್ 13.8, ಒಟ್ಟು 86. ಎಂಸಿಜಿ ಅಂದರೆ ಬಾಕ್ಸಿಂಗ್ ಡೇ ಟೆಸ್ಟ್ ಅಂತಷ್ಟೇ ಗೊತ್ತಿರುವ, ಈಗೀಗ ಫುಟಿ ನೋಡೋಕೆ ಶುರು ಮಾಡಿರುವ ಮೆಲ್ಬರ್ನ್ ಕನ್ನಡಿಗರಿಗಾಗಿ ಒಂದು ವಿವರಣೆ. ಚುಕ್ಕೆಯ ಎಡಕ್ಕಿರುವುದು ಗೋಲು, ಒಂದಕ್ಕೆ 6 ಪಾಯಿಂಟ್. ಬಲಕ್ಕಿರುವುದು ಬಿಹೈಂಡ್, ಒಂದಕ್ಕೆ 1. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಹೋದರೆ ಗೋಲು. ಪಕ್ಕದ ಗಿಡ್ಡ ಕಂಬದ ಕಡೆ ಸರಿದರೆ, ಎತ್ತರದ ಕಂಬಕ್ಕೆ ತಗುಲಿದರೆ, ಅಥವಾ ಎದುರಾಳಿಯೇ ಗೆರೆ ದಾಟಿಸಿಬಿಟ್ಟರೆ ಬಿಹೈಂಡ್.

ಈಗ ಕೂಡಿಸಿ. ಕಾಲಿಂಗ್‌ವುಡ್ 30 ಸಲ ಸ್ಕೋರ್ ಮಾಡಿದೆ, ಬ್ರಿಸ್ಬೇನ್ 21 ಸಲ. ಒಂಬತ್ತು ಅವಕಾಶ ಹೆಚ್ಚು ಸೃಷ್ಟಿಸಿಕೊಂಡ ತಂಡ ಒಂದು ಗೋಲು ಕಡಿಮೆ ಹೊಡೆದು ಗೆದ್ದಿದೆ. ಬ್ರಿಸ್ಬೇನ್ ತನ್ನ ಅವಕಾಶಗಳಲ್ಲಿ ನೂರಕ್ಕೆ 62ರಷ್ಟನ್ನು ಗೋಲಾಗಿಸಿತು, ನಾವು ಬರೀ 40. ಅದೃಷ್ಟದ ಗೆಲುವು ಅನ್ನುವುದಾದರೆ 30 ಅವಕಾಶ ಎಲ್ಲಿಂದ ಬಂತು? ಯಾರೂ ಸೋಲಿಸೋಕಾಗದ ತಂಡ ಅನ್ನುವುದಾದರೆ ಹದಿನೆಂಟು ಬಿಹೈಂಡ್ ಹೇಗಾಯ್ತು? ಆ ಹದಿನೆಂಟರಲ್ಲಿ ಎರಡು ಗೋಲಾಗಿದ್ದರೂ ಅಂತರ 14 ಆಗುತ್ತಿತ್ತು, ಕೊನೆಯ ಎರಡು ನಿಮಿಷ ಯಾರೂ ಉಸಿರು ಬಿಗಿ ಹಿಡಿಯಬೇಕಾಗಿರಲಿಲ್ಲ.

ಮೊದಲು ಆ 30 ಅವಕಾಶಗಳ ಕಥೆ. ಇದರ ಬೇರು ಒಬ್ಬ ಆಟಗಾರನ ಕೆಲಸದಲ್ಲಿದೆ, ಅವನ ಹೆಸರನ್ನು ಹೆಚ್ಚಿನವರು ಎತ್ತುತ್ತಲೇ ಇಲ್ಲ: ಬಿಲ್ಲಿ ಫ್ರಾಂಪ್ಟನ್.

ಸೆಮಿಫೈನಲ್ ಇದ್ದ ಹಾಗಿನ ಪ್ರಿಲಿಮಿನರಿ ಫೈನಲ್‌ನಲ್ಲಿ ನಮ್ಮ ಫಾರ್ವರ್ಡ್ ಡ್ಯಾನ್ ಮೆಕ್‌ಸ್ಟೇ ಮೊಣಕಾಲಿಗೆ ಪೆಟ್ಟು ಮಾಡಿಕೊಂಡ. ಅವನ ಜಾಗಕ್ಕೆ ಬಂದವನು ಫ್ರಾಂಪ್ಟನ್. ಚೆಂಡು ಮುಟ್ಟಿದ್ದು ಕೈಬೆರಳಲ್ಲಿ ಎಣಿಸುವಷ್ಟು ಸಲ. ಅಂಕಿ ಪಟ್ಟಿ ನೋಡಿ "ಈತ ಯಾಕೆ ಬೇಕಿತ್ತು" ಅಂತ ಬರೆದವರನ್ನು ನೋಡಿದೆ. ಆದರೆ ಅವನಿಗೆ ಕೊಟ್ಟ ಕೆಲಸ ಚೆಂಡು ಹಿಡಿಯುವುದಲ್ಲ, ಹ್ಯಾರಿಸ್ ಆಂಡ್ರೂಸ್ ಚೆಂಡು ಹಿಡಿಯದ ಹಾಗೆ ನೋಡಿಕೊಳ್ಳುವುದು. ಬ್ರಿಸ್ಬೇನ್‌ನ ಹಿಂದಿನ ಸಾಲು ನಿಂತಿರುವುದೇ ಆಂಡ್ರೂಸ್ ಮೇಲೆ. ಎದುರಾಳಿ ಉದ್ದಕ್ಕೆ ಒದ್ದ ಚೆಂಡು ಗಾಳಿಯಲ್ಲಿರುವಾಗಲೇ ಆತ ತನ್ನ ಆಳನ್ನು ಬಿಟ್ಟು, ಚೆಂಡು ಇಳಿಯುವ ಜಾಗಕ್ಕೆ ಸರಿದು, ಮೇಲಿಂದ ಮಾರ್ಕ್ (ಒದ್ದ ಚೆಂಡನ್ನು ನೆಲ ಮುಟ್ಟುವ ಮೊದಲೇ ಕೈಯಲ್ಲಿ ಹಿಡಿಯೋದು) ಹಿಡಿಯುತ್ತಾನೆ. ಅಲ್ಲಿಂದಲೇ ಬ್ರಿಸ್ಬೇನ್ ದಾಳಿ ಶುರು.

ಇದನ್ನು ತಡೆಯುವ ಕ್ರಮ ಹೇಳೋದಕ್ಕೆ ಸುಲಭ, ಎರಡು ಗಂಟೆ ಹೊತ್ತು ಮಾಡೋದು ಬಹಳ ಕಷ್ಟ. ಚೆಂಡು ಮಿಡ್‌ಫೀಲ್ಡ್‌ನಲ್ಲಿ ಇರುವಾಗಲೇ ಆಂಡ್ರೂಸ್‌ಗೆ ಮೈ ತಾಗಿಸಿಕೊಂಡು ನಿಲ್ಲಬೇಕು, ಓಡೋಕೆ ಮೊದಲ ಎರಡು ಹೆಜ್ಜೆ ಸಿಗಬಾರದು. ಚೆಂಡು ಎಡಗಡೆ ಬರುತ್ತದೆ ಅನ್ನಿಸಿದರೆ ತಾನು ಬಲಗಡೆ ಅಗಲಕ್ಕೆ ಓಡಬೇಕು. ಆಂಡ್ರೂಸ್ ಹಿಂದೆ ಬಂದರೆ ಚೆಂಡಿನಿಂದ ದೂರವಾದ, ಬಾರದಿದ್ದರೆ ಫ್ರಾಂಪ್ಟನ್ ಒಬ್ಬನೇ ಖಾಲಿ ಸಿಗುತ್ತಾನೆ. ಎರಡರಲ್ಲಿ ಒಂದು ಆರಿಸಲೇಬೇಕು. ಕೊನೆಗೆ ಚೆಂಡು ಇವರಿಬ್ಬರ ತಲೆ ಮೇಲೇ ಬಂದರೆ ಮಾರ್ಕ್‌ಗೆ ಆಸೆಪಡದೆ ನೆಲಕ್ಕೆ ಬೀಳಿಸಬೇಕು. ಇಲ್ಲಿ ತಪ್ಪಾಗುವುದು ಎಲ್ಲಿ ಅಂದರೆ, ಫಾರ್ವರ್ಡ್‌ಗೆ ಆಸೆ ಹುಟ್ಟಿ ಮುಂದಕ್ಕೆ ನೆಗೆದ ಕ್ಷಣ ಡಿಫೆಂಡರ್ ಹಿಂದೆ ಉಳಿದು ಸಲೀಸಾಗಿ ಮಾರ್ಕ್ ಹಿಡಿದುಬಿಡುತ್ತಾನೆ. ಫ್ರಾಂಪ್ಟನ್ ಆ ಆಸೆಗೆ ಬೀಳಲಿಲ್ಲ.

ಚೆಂಡು ನೆಲಕ್ಕೆ ಬಿದ್ದರೆ ಯಾರಿಗೆ ಲಾಭ? ಗಿಡ್ಡ, ಚುರುಕು ಕಾಲಿನ ಫಾರ್ವರ್ಡ್‌ಗಳಿಗೆ. ಅಲ್ಲಿಗೆ ಬಾಬಿ ಹಿಲ್ ಬರುತ್ತಾನೆ. 18 ಡಿಸ್ಪೋಸಲ್ (ಒದ್ದೋ ಕೈಯಿಂದ ಗುದ್ದಿಯೋ ಚೆಂಡು ದಾಟಿಸಿದ್ದು), 4 ಗೋಲು, ಫೈನಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ನಾರ್ಮ್ ಸ್ಮಿತ್ ಪದಕ. 2022ರಲ್ಲಿ ವೃಷಣದ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದು, ಅದೇ ವರ್ಷದ ಕೊನೆಗೆ ಜಿಡಬ್ಲ್ಯೂಎಸ್ (ಗ್ರೇಟರ್ ವೆಸ್ಟರ್ನ್ ಸಿಡ್ನಿ) ತಂಡದಿಂದ ನಮ್ಮಲ್ಲಿಗೆ ಬಂದ ಹುಡುಗ. ಪದಕಕ್ಕೆ ಪೂರ್ತಿ ಅರ್ಹ, ಅದರಲ್ಲಿ ಎರಡು ಮಾತಿಲ್ಲ. ಎಲ್ಲರೂ ಹಂಚಿಕೊಳ್ಳುತ್ತಿರುವುದು ಎರಡನೇ ಕ್ವಾರ್ಟರ್‌ನಲ್ಲಿ ಬ್ರಿಸ್ಬೇನ್‌ನ ಸ್ಟಾರ್ಸೆವಿಚ್ ಹೆಗಲೇರಿ ಹಿಡಿದ ಆ ಮಾರ್ಕ್. ಅದನ್ನು ನಿಧಾನಗತಿಯಲ್ಲಿ ಒಮ್ಮೆ ನೋಡಿ, ಕೈ ಬಿಟ್ಟು ಕಾಲು ನೋಡಿ. ಓಟದ ವೇಗ ಇಳಿಸದೆ ಒಂದೇ ಕಾಲಲ್ಲಿ ಚಿಮ್ಮಿ, ಮೊಣಕಾಲನ್ನು ಎದುರಾಳಿಯ ಬೆನ್ನಿನ ಮೇಲ್ಭಾಗಕ್ಕೆ ಊರಿ, ಅಲ್ಲಿಂದ ಇನ್ನಷ್ಟು ಮೇಲಕ್ಕೆ ಹೋಗಿದ್ದಾನೆ. ಮೇಲೇರಿದ ಮೇಲೂ ಕಣ್ಣು ಚೆಂಡಿನ ಮೇಲೇ ಇದೆ. ಆದರೆ ನನಗೆ ಅದಕ್ಕಿಂತ ಮುಖ್ಯ ಅನ್ನಿಸೋದು ಚೆಂಡು ಕೈ ತಪ್ಪಿದಾಗ ಅವನು ತಿರುಗಿ ಬೆನ್ನಟ್ಟುವ ರೀತಿ. ಬೆನ್ನ ಹಿಂದೆ ಹೆಜ್ಜೆ ಸಪ್ಪಳ ಕೇಳಿದ ಡಿಫೆಂಡರ್ ಅರ್ಧ ಸೆಕೆಂಡ್ ಮೊದಲೇ ಒದೆಯುತ್ತಾನೆ, ಆ ಒದೆತ ಹಾದಿ ತಪ್ಪುತ್ತದೆ, ನಮ್ಮ ಹಾಫ್‌ಬ್ಯಾಕ್ ಅದನ್ನು ಹಿಡಿದು ಮತ್ತೆ ಒಳಕ್ಕೆ ಕಳಿಸುತ್ತಾನೆ. 30 ಅವಕಾಶದಲ್ಲಿ ಒಂದಷ್ಟು ಹುಟ್ಟಿದ್ದು ಹೀಗೆ.

ಸರಿ, ಹದಿನೆಂಟು ಬಿಹೈಂಡ್ ಯಾಕೆ? "ಗುರಿ ಸರಿಯಿಲ್ಲ" ಅಂದುಬಿಟ್ಟರೆ ಏನೂ ಹೇಳಿದ ಹಾಗಾಗಲಿಲ್ಲ. ಗುರಿಗಿಂತ ಮೊದಲು ಜಾಗ ನೋಡಬೇಕು. ಗೋಲ್ ಕಂಬಗಳ ನಡುವೆ 6.4 ಮೀಟರ್ ಅಂತರ. ನೇರ ಎದುರಿಗೆ 40 ಮೀಟರ್ ದೂರದಲ್ಲಿ ನಿಂತರೆ ಒದೆಯುವವನಿಗೆ ಸುಮಾರು 9 ಡಿಗ್ರಿ ಬಾಗಿಲು ಕಾಣುತ್ತದೆ. ಅದೇ 40 ಮೀಟರ್, ಆದರೆ 45 ಡಿಗ್ರಿ ಓರೆಗೆ ನಿಂತರೆ 6.4 ಮೀಟರಿನ ಬಾಗಿಲು ನಾಲ್ಕೂವರೆ ಮೀಟರಿನಷ್ಟೇ ಕಾಣುತ್ತದೆ, ಅಂದರೆ ಆರೂವರೆ ಡಿಗ್ರಿ. ನೇರ ಎದುರಿಗೆ 50 ಮೀಟರ್ ದೂರಕ್ಕೆ ಹೋದರೂ 7 ಡಿಗ್ರಿಗಿಂತ ತುಸು ಹೆಚ್ಚೇ ಸಿಗುತ್ತದೆ. ಹತ್ತು ಮೀಟರ್ ಹತ್ತಿರ ಹೋದದ್ದು ಪಾಕೆಟ್‌ಗೆ, ಅಂದರೆ ಗೋಲಿನ ಪಕ್ಕದ ಮೂಲೆಗೆ, ಸರಿದಾಗ ಪೂರ್ತಿ ವ್ಯರ್ಥ. ನಮ್ಮವರು ಆತುರದಲ್ಲಿ ಪಾಕೆಟ್ ಕಡೆಯಿಂದ ಹೊಡೆದಾಗೆಲ್ಲ ಈ ಲೆಕ್ಕ ನಮ್ಮ ವಿರುದ್ಧ ಕೆಲಸ ಮಾಡಿದೆ.

ನಮ್ಮ ಸೈಡ್‌ಬಾಟಮ್ ಕೊನೆಯ ಕ್ವಾರ್ಟರ್‌ನಲ್ಲಿ 50 ಮೀಟರ್ ಗೆರೆಯ ಆಚೆಯಿಂದ ಹೊಡೆದ ಗೋಲನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ. ಕಾಲಲ್ಲಿ ಅಷ್ಟು ಉದ್ದ ಇದ್ದರೆ ದೂರ ಅಂಥ ಶತ್ರು ಅಲ್ಲ. ಶತ್ರು ಓರೆ. 32ರ ವಯಸ್ಸಿನ ಕಾಲು, ಸೆಪ್ಟೆಂಬರ್‌ಗೆ ಜಾಸ್ತಿಯೇ ಅನ್ನಿಸುವ ಬಿಸಿಲಲ್ಲಿ ಪಂದ್ಯದುದ್ದಕ್ಕೂ ಓಡಿದ ಮೇಲೆ, ಅಲ್ಲಿಂದ ಹೊಡೆದದ್ದು. ಅದಕ್ಕೆ ಎಷ್ಟು ಹೊಗಳಿದರೂ ಸಾಲದು.

ಬಿಹೈಂಡ್‌ನ ನಿಜವಾದ ಬೆಲೆ ಕಳೆದುಕೊಂಡ 5 ಪಾಯಿಂಟ್ ಅಷ್ಟೇ ಅಲ್ಲ. ಗೋಲಾದರೆ ಚೆಂಡು ನಡುಮೈದಾನಕ್ಕೆ ಹೋಗುತ್ತದೆ, ಇಬ್ಬರಿಗೂ ಸಮ ಅವಕಾಶ. ಬಿಹೈಂಡ್ ಆದರೆ ಎದುರಾಳಿ ತನ್ನ ಗೋಲ್ ಚೌಕದಿಂದ ಆರಾಮಾಗಿ ಕಿಕ್-ಇನ್ ಮಾಡುತ್ತಾನೆ, ಚೆಂಡು ಅವನದು. ಹದಿನೆಂಟು ಸಲ ಹೀಗೆ ಚೆಂಡು ಬಿಟ್ಟುಕೊಟ್ಟರೂ ತಂಡ ಉಳಿದದ್ದು ಕಿಕ್-ಇನ್‌ಗೆ ಬಲೆ ಹಾಕುವುದರಲ್ಲಿ ನಾವು ಗಟ್ಟಿ ಇರುವುದರಿಂದ. ಹತ್ತಿರದ ದಾರಿ ಮುಚ್ಚಿದರೆ ಎದುರಾಳಿಗೆ ಉಳಿಯುವುದು ಗೆರೆಯ ಪಕ್ಕಕ್ಕೆ ಉದ್ದಕ್ಕೆ ಒದೆಯುವುದು. ಅಲ್ಲಿ ನಮ್ಮ ಎತ್ತರದವರು ಗುದ್ದಿ ಹೊರಗೆ ಕಳಿಸಿದರೆ ಥ್ರೋ-ಇನ್, ಚೆಂಡು ಮತ್ತೆ ನಾವು ಹೊಡೆಯಬೇಕಾದ ಗೋಲಿನ ಹತ್ತಿರವೇ. ಈ ಬಲೆ ಒಮ್ಮೆ ಹರಿದರೆ ಮಾತ್ರ ಚೆಂಡು ನಾಲ್ಕು ಒದೆತದಲ್ಲಿ ಮೈದಾನದ ಆ ತುದಿಗೆ ಹೋಗಿರುತ್ತದೆ. ಬ್ರಿಸ್ಬೇನ್‌ನಂಥ ತಂಡದೆದುರು ಇದನ್ನೇ ನೆಚ್ಚಿಕೊಂಡು ಕೂರೋದು ಅಪಾಯ.

ಹಳಬರಿಗೆ ಇದು ಹೊಸದಲ್ಲ. 2010ರ ಗ್ರ್ಯಾಂಡ್ ಫೈನಲ್ ನೆನಪಿಸಿಕೊಳ್ಳಿ: ಕಾಲಿಂಗ್‌ವುಡ್ 9.14, ಸೇಂಟ್ ಕಿಲ್ಡಾ 10.8, ಎರಡೂ 68. ಆವತ್ತೂ 23 ಅವಕಾಶಕ್ಕೆ ಎದುರು 18. ಡ್ರಾ ಆಗಿ, ಮುಂದಿನ ವಾರ ಮತ್ತೆ ಆಡಿ ಗೆಲ್ಲಬೇಕಾಯ್ತು. 2018ರಲ್ಲಿ ವೆಸ್ಟ್ ಕೋಸ್ಟ್ ಎದುರು 5 ಪಾಯಿಂಟ್‌ನಿಂದ ಸೋತಾಗ ಮಾತ್ರ ಕಥೆ ತಿರುವುಮುರುವು. ಅವರಿಗೆ 24 ಅವಕಾಶ, ನಮಗೆ 19. ಅವತ್ತು ನಮ್ಮ ಗುರಿ ಚೆನ್ನಾಗೇ ಇತ್ತು, ಅವಕಾಶವೇ ಹುಟ್ಟಲಿಲ್ಲ. ಎರಡರಲ್ಲಿ ಒಂದನ್ನು ಆರಿಸು ಅಂದರೆ ನಾನು 2023ರ ತಂಡವನ್ನೇ ಆರಿಸುತ್ತೇನೆ. ಒದೆಯುವುದನ್ನು ಅಭ್ಯಾಸದಲ್ಲಿ ತಿದ್ದಬಹುದು, ಅವಕಾಶ ಹುಟ್ಟಿಸುವ ಆಟವನ್ನು ಕಟ್ಟಲು ವರ್ಷಗಳು ಬೇಕು. 2021ರಲ್ಲಿ 17ನೇ ಸ್ಥಾನದಲ್ಲಿದ್ದ ತಂಡವನ್ನು ಕೋಚ್ ಕ್ರೇಗ್ ಮೆಕ್ರೇ ಎರಡೇ ವರ್ಷದಲ್ಲಿ ಇಲ್ಲಿಗೆ ತಂದದ್ದು ಆ ಆಟದಿಂದಲೇ.

ಇನ್ನು ಆ ಕೊನೆಯ ನಿಮಿಷಗಳು. ಚಾರ್ಲಿ ಕ್ಯಾಮರನ್ ಗೋಲು ಹೊಡೆದು ಬ್ರಿಸ್ಬೇನ್ ಮುಂದೆ ಹೋಯ್ತು. ಮರು ಸೆಂಟರ್ ಬೌನ್ಸ್‌ನಿಂದಲೇ (ಗೋಲಾದ ಮೇಲೆ ಅಂಪೈರ್ ನಡುಮೈದಾನದಲ್ಲಿ ಚೆಂಡು ಪುಟಿಸಿ ಆಟ ಶುರು ಮಾಡಿದ್ದು) ನಮ್ಮ ಡಿ ಗೋಯಿ 50 ಮೀಟರ್ ಆಸುಪಾಸಿನಿಂದ ಹೊಡೆದ. ಪವಾಡ ಅನ್ನುತ್ತಿದ್ದಾರೆ. 2019ರಿಂದ ಇರುವ 6-6-6 ನಿಯಮ ಗೊತ್ತಿದ್ದವರಿಗೆ ಇದರ ಗುಟ್ಟು ಗೊತ್ತು. ನಡುಮೈದಾನದಿಂದ ಆಟ ಮತ್ತೆ ಶುರುವಾಗುವ ಹೊತ್ತಿಗೆ ಎರಡೂ ತುದಿಯ 50 ಮೀಟರ್ ಕಮಾನಿನೊಳಗೆ ಪ್ರತಿ ತಂಡದ ಆರಾರು ಜನ ಇರಲೇಬೇಕು, ನಡು ಚೌಕದಲ್ಲಿ ನಾಲ್ವರು, ರೆಕ್ಕೆಗಳಲ್ಲಿ ಇಬ್ಬರು. ಮುಂದಿರುವ ತಂಡ ಹಿಂದಕ್ಕೆ ಹೆಚ್ಚುವರಿ ಆಳು ಕಳಿಸಿ ಗೋಡೆ ಕಟ್ಟುವ ಹಾಗಿಲ್ಲ. ಚೌಕದಿಂದ ಒಬ್ಬ ಚೆಂಡು ಹಿಡಿದು ಆಚೆ ಬಂದನೆಂದರೆ ಅವನ ಮುಂದೆ ಬಯಲೇ ಬಯಲು. ಡಿ ಗೋಯಿಯಂಥ ಸೊಂಟದ ಬಲ ಇರುವವನನ್ನು ಇಂಥ ಬೌನ್ಸ್‌ಗೆ ಚೌಕದೊಳಗೆ ಇಟ್ಟುಕೊಳ್ಳುವುದು ಯೋಚಿಸಿ ಮಾಡಿದ ಕೆಲಸ. ಬ್ರಿಸ್ಬೇನ್ ಆ ಒಂದು ಬೌನ್ಸ್‌ನಲ್ಲಿ ಅವನನ್ನು ಚೆಂಡಿನ ಬದಿಯಲ್ಲಿ ಬಿಟ್ಟುಕೊಟ್ಟಿತು, ತೆತ್ತಿತು.

ಆಮೇಲೆ ಸೈಡ್‌ಬಾಟಮ್. ಆಮೇಲೆ ಜೋ ಡ್ಯಾನಿಹರ್ ಗೋಲು, ಅಂತರ ಮತ್ತೆ 4. ಕೊನೆಯಲ್ಲಿ ಬ್ರಿಸ್ಬೇನ್‌ಗೆ ಸಿಕ್ಕ ಫ್ರೀ ಕಿಕ್‌ನಲ್ಲಿ ಝ್ಯಾಕ್ ಬೇಲಿ ನಿಲ್ಲದೆ ಆಡಿದ, ಅಂಪೈರ್ ಅಡ್ವಾಂಟೇಜ್ ಕೊಟ್ಟರು, ಅಂದರೆ ಆಟ ನಿಲ್ಲಿಸದೆ ಮುಂದುವರಿಯಲು ಬಿಟ್ಟರು. ಬ್ರಿಸ್ಬೇನ್ ಅಭಿಮಾನಿಗಳ ಸಂಕಟ ನನಗೆ ಅರ್ಥವಾಗುತ್ತದೆ. ನಿಂತು, ಎಲ್ಲರೂ ಮುಂದೆ ಸೇರುವವರೆಗೆ ಕಾದು ಒದ್ದಿದ್ದರೆ ಲೆಕ್ಕ ಬೇರೆ ಆಗಬಹುದಿತ್ತು. ಆದರೆ ಆ ಕ್ಷಣದಲ್ಲಿ ನಿಲ್ಲದೆ ಆಡುವ ನಿರ್ಧಾರ ಆಟಗಾರನ ಕಾಲಿನಿಂದಲೇ ಬಂತು.

ನಮ್ಮ ನಿಕ್ ಡೇಕಾಸ್ ಬಗ್ಗೆ ಚಿಕ್ಕದಾಗಿ. ಮೊಣಕಾಲಿನ ಪೆಟ್ಟಿನಿಂದ ಲೀಗ್‌ನ ಕೊನೆಯ ಮೂರು ಸುತ್ತು, ಮೊದಲ ಫೈನಲ್, ಎಲ್ಲ ತಪ್ಪಿಸಿಕೊಂಡು ಪ್ರಿಲಿಮಿನರಿಗೆ ಬಂದವನು. 29 ಡಿಸ್ಪೋಸಲ್. ಫಾರ್ಮ್ ಬಗ್ಗೆ ಅನುಮಾನವಿದ್ದವರು ಇನ್ನು ಸುಮ್ಮನಿರಬಹುದು. ನನಗೆ ಆ 29ಕ್ಕಿಂತ ಹೆಚ್ಚು ಬೆಲೆಯದ್ದು ಅನ್ನಿಸಿದ್ದು 35ರ ಪೆಂಡಲ್‌ಬರಿಯ 24. ಎದುರಾಳಿ ಮೇಲೆ ಬೀಳುತ್ತಿರುವಾಗ ಈತ ಓಡುವುದಿಲ್ಲ, ನಿಧಾನ ಮಾಡುತ್ತಾನೆ. ಚೆಂಡು ಹಿಡಿದ ಎರಡೂ ಕೈ ತಲೆಗಿಂತ ಮೇಲೆ, ಟ್ಯಾಕಲ್ ಮಾಡುವವನು ಸೊಂಟ ಹಿಡಿದರೂ ಕೈ ಸಿಗಬಾರದು ಅಂತ. ಇಬ್ಬರನ್ನು ತನ್ನ ಮೈಮೇಲೆ ಎಳೆದುಕೊಂಡು, ಖಾಲಿಯಾದ ಜಾಗದಲ್ಲಿ ನಿಂತವನಿಗೆ ಹ್ಯಾಂಡ್‌ಬಾಲ್ (ಮುಷ್ಟಿಯಿಂದ ಗುದ್ದಿ ಕೊಡುವ ಪಾಸ್). ಅಂಕಿಪಟ್ಟಿಯಲ್ಲಿ ಅದು ಒಂದು ಹ್ಯಾಂಡ್‌ಬಾಲ್ ಅಷ್ಟೇ. 2010 ಮತ್ತು 2023 ಎರಡೂ ಕಪ್ ಗೆದ್ದ ತಂಡದಲ್ಲಿದ್ದವರು ಇವನು, ಸೈಡ್‌ಬಾಟಮ್ ಇಬ್ಬರೇ.

ನಮ್ಮ ಡಿಫೆಂಡರ್ ಮರ್ಫಿ ವಿಷಯದಲ್ಲಿ ಮಾತ್ರ ನನಗೆ ಚಿಂತೆ ಇದೆ. ಮೊದಲ ಕ್ವಾರ್ಟರ್‌ನಲ್ಲೇ ತಲೆಗೆ ಪೆಟ್ಟು ಬಿದ್ದು ಹೊರಗೆ ಹೋದ, ಬದಲಿ ಆಟಗಾರನಾಗಿ ಲಿಪಿನ್ಸ್ಕಿ ಬಂದ. ಎತ್ತರದ ಡಿಫೆಂಡರ್ ಜಾಗಕ್ಕೆ ಮಿಡ್‌ಫೀಲ್ಡರ್. ಹಿಂದಿನ ಸಾಲಿನಲ್ಲಿ ಮೂರ್, ಹೋವ್ ಇಬ್ಬರೂ ಪಂದ್ಯದ ಮುಕ್ಕಾಲು ಭಾಗ ಹೆಚ್ಚಿನ ಹೊರೆ ಹೊತ್ತರು. ಡ್ಯಾನಿಹರ್‌ಗೆ ಸಿಕ್ಕ ಅವಕಾಶಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಮರ್ಫಿಗೆ ತಲೆಪೆಟ್ಟು ಇದೇ ಮೊದಲಲ್ಲ. ತಲೆಪೆಟ್ಟಾದವನು ಕನಿಷ್ಠ 12 ದಿನ ಆಡಬಾರದು ಅನ್ನುವ ನಿಯಮ ಇದೆ, ಈಗ ಹೇಗೂ ರಜೆ. ಆದರೆ ಮುಂದಿನ ಹಂಗಾಮಿಗೆ ಅವನನ್ನು ಕರೆತರಲು ಯಾರೂ ಆತುರಪಡಬಾರದು. ಆಡಲೇಬಾರದು ಅಂತ ವೈದ್ಯರು ಹೇಳಿದರೆ ಅದೇ ಅಂತಿಮವಾಗಬೇಕು.

2023ರಲ್ಲಿ ಆಡಿದ ಮೂರು ಫೈನಲ್ ಹಂತದ ಪಂದ್ಯಗಳಲ್ಲಿ ನಮ್ಮ ಅಂತರ 7, 1, 4. ಕೂಡಿಸಿದರೆ 12, ಎರಡು ಗೋಲಿನ ಬೆಲೆ. ಕಳೆದ ವರ್ಷ ಪ್ರಿಲಿಮಿನರಿಯಲ್ಲಿ ಸಿಡ್ನಿಗೆ ಸೋತದ್ದು 95ಕ್ಕೆ 94, ಅದೂ ಒಂದೇ ಪಾಯಿಂಟ್. ನಿಕಟ ಪಂದ್ಯ ಎರಡೂ ಕಡೆ ವಾಲುತ್ತದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಈ ವರ್ಷ ಬ್ರಿಸ್ಬೇನ್ ನಮ್ಮನ್ನು ಎರಡು ಸಲ ಸೋಲಿಸಿತ್ತು, ಎರಡೂ ಎಂಸಿಜಿಯ ಹೊರಗೆ. ಮುಂದಿನ ವರ್ಷ ಅವರು ಇನ್ನೂ ಗಟ್ಟಿಯಾಗಿ ಬರುತ್ತಾರೆ. ಹಾಗಾಗಿ ನವೆಂಬರ್‌ನಲ್ಲಿ ಅಭ್ಯಾಸ ಶುರುವಾದಾಗ ಮಾಡಬೇಕಾದ್ದು ಇದು: ಓಡಿ ಸುಸ್ತಾದ ಮೇಲೆ, ಎದೆ ಬಡಿತ ಇಳಿಯುವ ಮೊದಲೇ, 40 ಮೀಟರ್ ಓರೆಯಿಂದ, 30 ಸೆಕೆಂಡಿನೊಳಗೆ ಸೆಟ್ ಶಾಟ್ (ಮಾರ್ಕ್ ಹಿಡಿದವನು ನಿಂತು, ಅಡ್ಡಿಯಿಲ್ಲದೆ ಗೋಲಿಗೆ ಒದೆಯೋದು). ಮೈ ಬೆಚ್ಚಗಾಗುವ ಮುಂಚೆ ನೇರ ಎದುರಿಗೆ ನಿಂತು ಹತ್ತು ಹೊಡೆದರೆ ಪಂದ್ಯದಲ್ಲಿ ಉಪಯೋಗಕ್ಕೆ ಬರೋದಿಲ್ಲ. ಪಾಕೆಟ್‌ನಲ್ಲಿ ಮಾರ್ಕ್ ಹಿಡಿದವನು ಹೊಡೆಯುವ ಮೊದಲು ಒಮ್ಮೆ ತಲೆಯೆತ್ತಿ, ನಡುವಿನಲ್ಲಿ ಖಾಲಿ ನಿಂತವನಿಗೆ 15 ಮೀಟರಿನ ಒಂದು ಸಣ್ಣ ಒದೆತ ಸಾಧ್ಯವೇ ಅಂತ ನೋಡಬೇಕು. ಅಲ್ಲಿ ಸಿಗುವ ಬಾಗಿಲು ಇನ್ನೂ ಅಗಲ.