ಗಲ್ಲೆಯ ಹುಡುಗನಿಗೆ ದುಡ್ಡಿನ ಪರೀಕ್ಷೆ

ಹೈಸ್ಕೂಲು ಮಕ್ಕಳಿಗೆ ದುಡ್ಡಿನ ವಿಚಾರ ಎಷ್ಟು ಗೊತ್ತು ಎಂದು ಅಳೆಯಲು ದೊಡ್ಡವರು ಟೇಪು ಹಿಡಿದು ಹೊರಟಿದ್ದಾರೆ. ಸಂತೋಷ. ಆ ದೊಡ್ಡವರನ್ನು ಅಳೆದಾಗ ಏನಾಯಿತು ಗೊತ್ತೇ? ಎನ್‌ಸಿಎಫ್‌ಇ ಎಂಬ ಹಣಕಾಸು ಶಿಕ್ಷಣದ ರಾಷ್ಟ್ರೀಯ ಕೇಂದ್ರ 2019ರಲ್ಲಿ ಮಾಡಿದ ಸಮೀಕ್ಷೆಯಲ್ಲಿ ತೇರ್ಗಡೆಯಾದ ವಯಸ್ಕರು ಶೇ 27. ಹೆಚ್ಚುಕಡಿಮೆ ನಾಲ್ವರಲ್ಲಿ ಮೂವರು ಫೇಲು. ಆರರಿಂದ ಹನ್ನೆರಡನೇ ತರಗತಿವರೆಗಿನ ಮಕ್ಕಳಿಗೆ ಹಣಕಾಸು ಸಾಕ್ಷರತೆಯ ರಾಷ್ಟ್ರಮಟ್ಟದ ಪರೀಕ್ಷೆ ನಡೆಸುವುದೂ ಇದೇ ಕೇಂದ್ರ. ಅಪ್ಪ ಫೇಲಾದರೆ ಮಗನಿಗೆ ಟ್ಯೂಷನ್ ಹಾಕುವುದು ನಮ್ಮಲ್ಲಿ ಮೊದಲಿಂದಲೂ ಇದ್ದದ್ದೇ.

ಇಂಥದೇ ಒಂದು ಪರೀಕ್ಷೆಯನ್ನು ಯಾರೋ ದಾನಿಗಳು ಮುಂಬಯಿಯ ಫೋರ್ಟ್ ಕಡೆಯ ಕನ್ನಡ ರಾತ್ರಿ ಶಾಲೆಯೊಂದರಲ್ಲಿ ಇಟ್ಟರು ಅಂದುಕೊಳ್ಳಿ. ರಿಸರ್ವ್ ಬ್ಯಾಂಕಿನ ಕಟ್ಟಡ ಅಲ್ಲಿಂದ ನಡೆದು ಹೋಗುವಷ್ಟು ದೂರ, ಷೇರುಪೇಟೆಯ ದಲಾಲ್ ಸ್ಟ್ರೀಟು ಇನ್ನೂ ಹತ್ತಿರ. ಹಿಂದಿನ ಬೆಂಚಿನಲ್ಲಿ ಕುಂದಾಪುರ ಕಡೆಯ ಒಬ್ಬ ಹುಡುಗ. ಹಗಲು ಉಡುಪಿ ಹೋಟೆಲಿನಲ್ಲಿ ಟೇಬಲ್ ಒರೆಸುತ್ತಾನೆ. ಶೇಠರು ಊಟಕ್ಕೆ ಎದ್ದಾಗ ಗಲ್ಲೆಯಲ್ಲೂ ಕೂರುತ್ತಾನೆ. ಹರಿದ ನೋಟನ್ನು ಮುಟ್ಟಿಯೇ ಹೇಳಬಲ್ಲ.

ಮೊದಲ ಪ್ರಶ್ನೆ: ರೋಹನ್‌ಗೆ ಅಪ್ಪ ತಿಂಗಳಿಗೆ 2,000 ರೂಪಾಯಿ ಪಾಕೆಟ್ ಮನಿ ಕೊಡುತ್ತಾರೆ. ಅವನು ಅದನ್ನು ಏನು ಮಾಡಬೇಕು? ಅ) ವಿಡಿಯೊ ಗೇಮ್ ಕೊಳ್ಳಬೇಕು. ಆ) ಗೆಳೆಯರಿಗೆ ಪಾರ್ಟಿ ಕೊಡಬೇಕು. ಇ) ಉಳಿತಾಯ ಖಾತೆಗೆ ಹಾಕಬೇಕು. ಈ) ಮೇಲಿನ ಯಾವುದೂ ಅಲ್ಲ.

ಹುಡುಗ ತಲೆ ಕೆರೆದುಕೊಂಡ. ಅಪ್ಪ ಮಗನಿಗೆ ದುಡ್ಡು ಕೊಡುವುದೇ? ಅವನ ಮನೆಯಲ್ಲಿ ಅದು ಉಲ್ಟಾ. ತಂಗಿಯ ಫೀಸು, ಸೊಸೈಟಿಯ ಕಂತು, ಮಳೆಗಾಲಕ್ಕೆ ಮುಂಚೆ ಮಾಡಿಗೆ ಹೆಂಚು, ಎಲ್ಲ ಇವನು ಕಳಿಸಿದ್ದರಲ್ಲೇ. ‘ಊರಿಗೆ ಕಳಿಸಬೇಕು’ ಎಂಬ ಉತ್ತರ ಅಲ್ಲಿರಲಿಲ್ಲ. ‘ಈ’ ಎಂದು ಗುರುತು ಹಾಕಿದ. ಸೊನ್ನೆ.

ಎರಡನೆಯದು ಬಡ್ಡಿ ಲೆಕ್ಕ. ನೂರಕ್ಕೆ ಐದರಂತೆ ಸಾವಿರ ರೂಪಾಯಿಗೆ ಒಂದು ವರ್ಷಕ್ಕೆ ಎಷ್ಟು ಬಡ್ಡಿ? ಹುಡುಗ ಕಣ್ಣು ಮಿಟುಕಿಸದೆ ಆರುನೂರು ಎಂದು ಬರೆದ. ಅಡುಗೆಭಟ್ಟರು ಸಾಲ ತರುವ ಕಡೆ ನೂರಕ್ಕೆ ಐದು ಎಂದರೆ ತಿಂಗಳಿಗೆ ಐದು. ಪರೀಕ್ಷಕರ ಲೆಕ್ಕದಲ್ಲಿ ಉತ್ತರ ಐವತ್ತು. ಮತ್ತೆ ಸೊನ್ನೆ. ‘ವಾಸ್ತವದ ಅರಿವಿನ ಕೊರತೆ’ ಎಂದು ವರದಿಯಲ್ಲಿ ಷರಾ ಬಿತ್ತು.

ಇನ್ನು ವಾಸ್ತವದ ಅರಿವು ತುಂಬಿ ತುಳುಕುವವರ ಕತೆ. 2019ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಪಿಎಂಸಿ ಎಂಬ ಸಹಕಾರಿ ಬ್ಯಾಂಕಿಗೆ ಬೀಗ ಬೀಳದೆಯೇ ಬೀಗ ಬಿತ್ತು. ನಿಮ್ಮದೇ ದುಡ್ಡು, ಆರು ತಿಂಗಳಿಗೆ ಸಾವಿರ ರೂಪಾಯಿ ಮಾತ್ರ ತೆಗೆಯಿರಿ ಎಂದಿತು ರಿಸರ್ವ್ ಬ್ಯಾಂಕು. ಸಾಲು ನಿಂತವರಲ್ಲಿ ಹತ್ತನೇ ತರಗತಿಯವರು ಯಾರೂ ಇದ್ದಂತಿಲ್ಲ. 2025ರ ಜನವರಿಯಲ್ಲಿ ದಾದರಿನ ಟೊರೆಸ್ ಎಂಬ ಒಡವೆ ಅಂಗಡಿ ಮುಂದೆ ಜನ ಜಮಾಯಿಸಿದ್ದೂ ಪಾಕೆಟ್ ಮನಿ ಕಳೆದುಕೊಂಡಲ್ಲ. ಹೊಳೆಯುವ ಕಲ್ಲು, ವಾರವಾರ ಕಾಸು ಎಂದು ನಂಬಿ ಪಂಗನಾಮ ಹಾಕಿಸಿಕೊಂಡಿದ್ದರು. ಷೇರುಪೇಟೆಯಲ್ಲಿ ನಾಳೆಯ ಬೆಲೆಯ ಮೇಲೆ ಬಾಜಿ ಕಟ್ಟುವ ಫ್ಯೂಚರ್ಸ್ ಅಂಡ್ ಆಪ್ಷನ್ಸ್ ಆಡುವವರಂತೂ ಡಿಗ್ರಿ, ಲ್ಯಾಪ್‌ಟಾಪ್ ಎಲ್ಲ ಇರುವ ಜನ. 2021-22ರಿಂದ ಮೂರು ಹಣಕಾಸು ವರ್ಷಗಳಲ್ಲಿ ಅವರಲ್ಲಿ ಶೇ 93 ಮಂದಿ ಕೈಸುಟ್ಟುಕೊಂಡರೆಂದು ಷೇರುಪೇಟೆಯ ಕಾವಲುಗಾರ ಸೆಬಿಯೇ ಲೆಕ್ಕ ಕೊಟ್ಟಿದೆ. ಇವರಿಗೆ ಯಾರೂ ಪ್ರಶ್ನೆಪತ್ರಿಕೆ ಹಂಚಲಿಲ್ಲ. ಬದಲಿಗೆ ಇವರನ್ನು ಪರೀಕ್ಷೆಯ ಮೇಲ್ವಿಚಾರಣೆಗೆ ಕರೆಯುತ್ತಾರೆ. ನನ್ನ ಬಿಲ್ಡಿಂಗಿನಲ್ಲೇ ಭಿಶಿ ಎಂಬ ಚೀಟಿ ಕಟ್ಟಿ ಮುಳುಗಿದ ಇಬ್ಬರು ಉಳಿತಾಯದ ಬಗ್ಗೆ ಸೊಗಸಾಗಿ ಭಾಷಣ ಮಾಡುತ್ತಾರೆ.

ಕೊನೆಗೆ ಪ್ರಮಾಣಪತ್ರ ವಿತರಣೆ. ವೇದಿಕೆಯಲ್ಲಿ ಒಂಬತ್ತು ಗಣ್ಯರು, ಒಂಬತ್ತು ಶಾಲು, ಒಂಬತ್ತು ಹಾರ, ಒಂಬತ್ತು ಸ್ಮರಣಿಕೆ. ಈ ಖರ್ಚಿನಲ್ಲಿ ಇಡೀ ಶಾಲೆಗೆ ವರ್ಷದ ಪುಸ್ತಕ ಬರುತ್ತಿತ್ತು, ಆದರೆ ‘ಅನಗತ್ಯ ವೆಚ್ಚ ತಪ್ಪಿಸಿ’ ಎಂಬ ಬ್ಯಾನರನ್ನು ಆಗಲೇ ಕಟ್ಟಿಯಾಗಿತ್ತು. ಮುಖ್ಯ ಅತಿಥಿಗಳು ಮೈಕು ಹಿಡಿದು, ಬ್ಯಾಂಕಿನಲ್ಲಿಟ್ಟ ಹಣಕ್ಕೆ ಹೆದರಬೇಡಿ, ಬ್ಯಾಂಕು ಮುಳುಗಿದರೆ ಕೈಗೆ ಬರುವ ಠೇವಣಿ ವಿಮೆಯನ್ನು 2020ರಲ್ಲಿ ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿದ್ದಾರೆ ಎಂದರು. ಚಪ್ಪಾಳೆ.

ಎರಡೂ ಪ್ರಶ್ನೆಗೆ ಸೊನ್ನೆ ತಗೊಂಡ ಹುಡುಗ ಎದ್ದು ನಿಂತ. ‘ಸಾರ್, ನಮ್ಮ ಶೇಠ್ರು ಹೋಟೆಲು ಮಾರಿ ಹನ್ನೆರಡು ಲಕ್ಷ ಒಂದೇ ಬ್ಯಾಂಕಲ್ಲಿ ಇಟ್ಟಿದ್ರೆ, ಬಾಕಿ ಏಳು ಲಕ್ಷ ಯಾರು ಕೊಡ್ತಾರೆ?’

ಅತಿಥಿಗಳು ಪಕ್ಕದವರ ಮುಖ ನೋಡಿದರು. ಪಕ್ಕದವರು ಅವರ ಪಕ್ಕದವರ ಮುಖ ನೋಡಿದರು. ಒಂಬತ್ತನೆಯವರಿಗೆ ನೋಡಲು ಯಾರೂ ಉಳಿದಿರಲಿಲ್ಲ, ವಂದನಾರ್ಪಣೆ ಶುರುಮಾಡಿದರು.